ಒಳಗಿನವನ ನಗು

ನಮ್ಮ ಊರಿನಲ್ಲಿ ದೇವರನ್ನು ಬೈಯುವ ಹಕ್ಕು ಇರುವುದು ನಮ್ಮ ಮನೆಯವರಿಗೆ ಮಾತ್ರ. ಅಜ್ಜ ಬೈದ, ಅಪ್ಪ ಬೈದ, ಅಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಆಮೇಲೆ ನಾನು ಬೈದೆ. ಉಳಿದವರೆಲ್ಲ ಅವನನ್ನು ‘ಒಳಗಿನವರು’ ಎಂದು ಬಹುವಚನದಲ್ಲಿ ಕರೆಯುತ್ತಾರೆ. ಗಂಡನ ಹೆಸರು ಹಿಡಿಯದ ಹಳೇ ಕಾಲದ ಹೆಂಗಸರ ಹಾಗೆ ಹೆಸರು ಹಿಡಿಯುವುದಿಲ್ಲ. ಏಕವಚನ ನನ್ನೊಬ್ಬಳದು. ಪಾರವ್ವನ ಬಾಯಿ ಎಂದರೆ ಸುತ್ತಿನ ನಾಲ್ಕು ಊರಿಗೆ ಗೊತ್ತು.

ಬೇರೆ ಊರುಗಳಲ್ಲಿ ದೇವರು ಇದ್ದಾನೋ ಇಲ್ಲವೋ ಎಂದು ಜನ ಜಗಳವಾಡುತ್ತಾರಂತೆ. ನಮಗೆ ಆ ಸುಖ ಇಲ್ಲ. ಇದ್ದಾನೆ. ಪೇಟೆ ಬೀದಿಯ ತುದಿಗೆ, ಎಣ್ಣೆಗಾಣ ದಾಟಿದ ಮೇಲೆ ಸಿಗುವ ಎರಡಂತಸ್ತಿನ ಕಲ್ಲಿನ ಮನೆಯಲ್ಲಿ ಇದ್ದಾನೆ. ಬೆಳಿಗ್ಗೆ ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತದೆ. ಸಂಜೆ ಮೇಲಿನ ಕಿಟಕಿಯಲ್ಲಿ ದೀಪ ಕಾಣುತ್ತದೆ. ಶಾಲೆಯ ಮಾಳಿಗೆ ಹತ್ತಿದರೆ ಅವನ ಅಂಗಳದಲ್ಲಿ ಧೋತರ ಒಣಗುವುದು ಕಾಣುತ್ತದೆ. ಹೊಸ್ತಿಲಲ್ಲಿ ಇಟ್ಟ ಊಟದ ತಾಟು ನಾವು ಬೆನ್ನು ತಿರುಗಿಸಿದಾಗ ಒಳಗೆ ಹೋಗುತ್ತದೆ, ಮಧ್ಯಾಹ್ನದ ಮೇಲೆ ಅಲ್ಲೇ ಬಂದು ಕೂತಿರುತ್ತದೆ, ತೊಳೆದು ಬೋರಲು ಹಾಕಿದ್ದು. ಅಷ್ಟರಮಟ್ಟಿಗೆ ಸಭ್ಯ. ಆದರೆ ಹೊರಗೆ ಬರುವುದಿಲ್ಲ, ಮಾತಾಡುವುದಿಲ್ಲ, ಯಾರೂ ಅವನ ಮುಖ ನೋಡಿಲ್ಲ. ಊರು ಅದಕ್ಕೆ ಒಗ್ಗಿಕೊಂಡಿತ್ತು. ಬಳೆಗಾರರು ಆ ಮನೆಯ ಮುಂದೆ ಬಂದಾಗ ಕೂಗುವುದನ್ನು ನಿಲ್ಲಿಸಿ ಸುಮ್ಮನೆ ದಾಟುತ್ತಿದ್ದರು. ಹೊಸ ಮದುಮಕ್ಕಳು ಬಾಗಿಲಿಗೆ ಕೈಮುಗಿದು, ಒಳಗೆ ಕೆಮ್ಮಿದ ಸದ್ದಾಗುವ ತನಕ ಬಿಸಿಲಲ್ಲಿ ಕಾಯುತ್ತಿದ್ದರು. ಕೆಮ್ಮಿದರೆ ಆಶೀರ್ವಾದ.

ಕೆಮ್ಮಿಗೆ, ಸೀನಿಗೆ, ಕಿಟಕಿ ತೆರೆದದ್ದಕ್ಕೆ, ತಾಟಿನಲ್ಲಿ ಬದನೆಕಾಯಿ ಬಿಟ್ಟದ್ದಕ್ಕೆ ಅರ್ಥ ಹೇಳುವವರು ಇದ್ದರು. ಅವರಲ್ಲಿ ಹಿರಿಯ ಚಂದ್ರಮೌಳಯ್ಯ. ಕೆಟ್ಟ ಮನುಷ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಣಕಾಲು ನೋವಿನ ಮುದುಕ, ಯಾರ ಮನೆಯಲ್ಲಿ ಸಾವಾದರೂ ಕುಂಟುತ್ತ ಹೋಗಿ ಕೂರುತ್ತಿದ್ದ. ಆದರೆ ಅವನ ಅರ್ಥಗಳಿಗೆ ಎರಡು ಬಾಯಿ ಇದ್ದವು. ಬಾಗಿಲಿಗೆ ಹಿತ್ತಾಳೆ ಹೊದಿಸುವ ಮಾತು ಬಂದಾಗ ಹೊಸ್ತಿಲಲ್ಲಿ ನಿಂತು ಅಪ್ಪಣೆ ಕೇಳಿದ. ಒಳಗಿನಿಂದ ಸದ್ದಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದ, ಬಾಗಿಲು ಹಿತ್ತಾಳೆಯಾಯಿತು. ಅದೇ ಮನೆಯ ಅಂಗಳದ ದಕ್ಷಿಣದ ಗೋಡೆ ಓಣಿಯ ಕಡೆ ಹೊಟ್ಟೆ ಬಿಟ್ಟು ವಾಲಿದಾಗ, ಬಿಚ್ಚಿ ಕಟ್ಟುತ್ತೇವೆಂದು ಗೌಂಡಿಗಳು ಬಂದರು. ಮತ್ತೆ ಅಪ್ಪಣೆ ಕೇಳಿದ. ಮತ್ತೆ ಸದ್ದಿಲ್ಲ. ಒಳಗಿನವರಿಗೆ ಮನಸ್ಸಿಲ್ಲ, ಮುಟ್ಟಬೇಡಿ ಎಂದ. ಗೌಂಡಿಗಳು ಕರಣಿ ಒರೆಸಿಕೊಂಡು ಹೋದರು.

ನನ್ನ ಕೆಲಸ ಅಮಾವಾಸ್ಯೆಯ ಬೆಳಿಗ್ಗೆ. ಹಿತ್ತಾಳೆ ಬಾಗಿಲಿಗೆ ಎದುರಾಗಿ ಒಂದು ಕಟ್ಟೆ ಇದೆ. ಅದರ ಮೇಲೆ ನಿಂತು ಊರಿನ ದೂರುಗಳನ್ನೆಲ್ಲ ಕೂಡಿಸಿ ಅವನಿಗೆ ಬೈಯಬೇಕು. ಸುಮ್ಮನೆ ಬೈದರೆ ಯಾರಿಗೂ ರುಚಿಸುವುದಿಲ್ಲ. ಕೊಂಕು ಬೇಕು, ಕುಟುಕಬೇಕು, ಜನ ಹೊಟ್ಟೆ ಹಿಡಿದು ನಗಬೇಕು. ಹಾಗೆ ಬೈಸಿಕೊಂಡರೆ ಸಿಟ್ಟಿಗಾದರೂ ಒಂದು ದಿನ ಎದ್ದು ಹೊರಗೆ ಬಂದಾನು ಎಂದು ಹಿಂದಿನವರು ಈ ಪದ್ಧತಿ ಹಾಕಿದ್ದರಂತೆ. ಅವನು ಬರಲಿಲ್ಲ. ಬದಲಿಗೆ ನಕ್ಕ. ನಮ್ಮ ಅಜ್ಜನ ಕಾಲದಲ್ಲಿ ಮೊದಲ ಸಲ ಬಾಗಿಲ ಹಿಂದಿನಿಂದ ನಗು ಕೇಳಿತಂತೆ, ಹೊಟ್ಟೆಯಿಂದ ಎದ್ದು ಕೊನೆಗೆ ದಮ್ಮಾಗಿ ಒಡೆಯುವ ನಗು. ಅಂದು ಊರಿಗೆಲ್ಲ ಬೆಲ್ಲ ಹಂಚಿದರು. ಆಮೇಲೆ ಅದೇ ರೂಢಿ. ಒಳಗಿನವರು ನಕ್ಕರೆ ಊರಿಗೆ ಕೇಡಿಲ್ಲ. ಅಪ್ಪ ಅವನನ್ನು ಬಹಳ ನಗಿಸುತ್ತಿದ್ದ. ಅಪ್ಪನ ಬೈಗುಳಗಳನ್ನು ಜನ ಈಗಲೂ ಮದುವೆ ಊಟದಲ್ಲಿ, ಗಿರಣಿಯ ಮುಂದೆ, ಬಾಯಿಪಾಠ ಒಪ್ಪಿಸುತ್ತಾರೆ.

ವಾಲಿದ ಗೋಡೆಯ ಮೇಲೂ ನಾನು ಬೈದಿದ್ದೆ. “ಲೋಕ ಕಟ್ಟಿದಾಂವ ಅಂತ ಹೆಸರು ಹೇಳ್ಕೋತಿ. ಗುಡ್ಡ ನಿಲ್ಲಿಸಿದಿ, ಗ್ವಾಡಿ ನಿಲ್ಲಸೂದು ಮರತಿ. ನಮ್ಮೂರಾಗ ಗೌಂಡಿ ಆಗಿದ್ರ ಎರಡನೇ ಸಲ ನಿನ್ನ ಯಾರೂ ಕೆಲಸಕ್ಕ ಕರೀತಿದ್ದಿಲ್ಲ” ಎಂದಿದ್ದೆ. ಜನ ಬಿದ್ದು ಬಿದ್ದು ನಕ್ಕರು. ಒಳಗಿನಿಂದಲೂ ನಗು ಬಂತು, ಬಹಳ ಹೊತ್ತು ಬಂತು. ಅಂದು ನನಗೆ ಒಂದು ಸಮಾಧಾನವಾಗಿತ್ತು. ಮಾತಾಡದಿದ್ದರೂ ಕೇಳಿಸಿಕೊಳ್ಳುತ್ತಾನಲ್ಲ, ಗೋಡೆ ಬಾಗಿದ್ದು ಅವನಿಗೆ ಗೊತ್ತಾಯಿತಲ್ಲ ಎಂದು.

ಆ ಗೋಡೆಯ ಬುಡದಲ್ಲಿ ತಗಡಿನ ಒಂದು ಗೂಡಂಗಡಿಯಿತ್ತು. ಅಲ್ಲಿ ಸುವರ್ಣಾ ಹೊಲಿಗೆ ಮಾಡುತ್ತಿದ್ದಳು. ಚುರುಮುರಿ ಭಟ್ಟಿಯ ಹೂವವ್ವನ ಮಗಳು. ಹೂವವ್ವ ಬೆಳಗಿನಿಂದ ಉಸುಕಿನ ಬಿಸಿಯಲ್ಲಿ ನಿಂತು ಚುರುಮುರಿ ಹುರಿದು ಬೆಳೆಸಿದ ಒಬ್ಬಳೇ ಮಗಳು. ತಾಯಿ ಅವಳನ್ನು ಸುವ್ವಿ ಎನ್ನುತ್ತಿದ್ದಳು. ಹುಡುಗಿಗೆ ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬೆನ್ನು ಬಾಗಿದ ಮುದುಕಿಯರಿಗೆ ಬೆನ್ನು ಬಾಗಿದ ಹಾಗೇ ಕುಪ್ಪಸ ಹೊಲಿದು ಕೊಡುತ್ತಿದ್ದಳು. ಅದಕ್ಕೆ ಮುಂಚೆ ಅವರಿಗೆ ಸರಿಯಾಗಿ ಕೂರುವ ಕುಪ್ಪಸ ಯಾರೂ ಹೊಲಿದಿರಲಿಲ್ಲ. ಗೋಡೆ ಬೀಳುತ್ತದೆ, ಬೇರೆ ಕಡೆ ಕೂಡು ಎಂದು ನಾನೇ ಹೇಳಿದ್ದೆ. ದೇವರ ಗ್ವಾಡಿ ದೊಡ್ಡವ್ವ, ನನ್ನ ಮ್ಯಾಲೆ ಯಾಕ ಬೀಳ್ತೈತಿ ಎಂದು ನಕ್ಕಿದ್ದಳು. ಅವಳು ಹಾಗೆ ನಂಬಿದ್ದಳೋ, ನನ್ನನ್ನು ಅಣಕಿಸಿದಳೋ, ತಿಳಿಯಲಿಲ್ಲ.

ಶ್ರಾವಣದ ಮಳೆ ಒಂದು ವಾರ ಹಿಡಿದು ಬಿಟ್ಟಿತ್ತು. ಬಿಟ್ಟ ಮರುದಿನ, ಒಳ್ಳೆ ಬಿಸಿಲು ಬಿದ್ದ ಮಧ್ಯಾಹ್ನ ಗೋಡೆ ಬಿತ್ತು. ಅದು ಎರಡು ಪದರದ ಕಲ್ಲುಗೋಡೆ. ಹೊರಗಿನ ಪದರ ಪೂರ್ತಿ ಓಣಿಗೆ ಉರುಳಿ ಗೂಡಂಗಡಿಯನ್ನು ಮುಚ್ಚಿತು. ಒಳಗಿನ ಪದರ ಹಲ್ಲು ಸಡಿಲಾದ ಹಾಗೆ ವಾಲಿಕೊಂಡು ನಿಂತಿತ್ತು. ನಾನು ಓಡಿ ಬಂದಾಗ ಧೂಳು ಇನ್ನೂ ಇಳಿದಿರಲಿಲ್ಲ. ಕಲ್ಲಿನ ರಾಶಿಯ ಅಡಿಯಿಂದ ಸುವರ್ಣಾಳ ದನಿ ಬರುತ್ತಿತ್ತು. ಗಾಬರಿಯ ದನಿಯಲ್ಲ. ಅವ್ವಾ, ಕಾಲ ಮ್ಯಾಲೆ ಕಲ್ಲೈತಿ, ಉಸಿರಾಡಾಕ ಬರ್ತೈತಿ, ಲಗು ತಗೀರಿ ಎನ್ನುತ್ತಿದ್ದಳು, ಮನೆಯಲ್ಲಿ ನೀರು ಕೇಳಿದ ಹಾಗೆ.

ಗಂಡಸರು ಕಲ್ಲಿಗೆ ಕೈ ಹಾಕಿದರು. ಗೌಂಡಿಗಳು ತಡೆದರು. ಬುಡದ ಕಲ್ಲು ತೆಗೆದರೆ ನಿಂತ ಪದರವೂ ಬೀಳುತ್ತದೆ, ಹುಡುಗಿಯೂ ಹೋಗುತ್ತಾಳೆ, ತೆಗೆಯುವವರೂ ಹೋಗುತ್ತಾರೆ, ಮೊದಲು ಒಳಗಿನ ಅಂಗಳಕ್ಕೆ ಹೋಗಿ ಆ ಪದರಕ್ಕೆ ಹಗ್ಗ ಹಾಕಿ ಅಲ್ಲಿರುವ ಬೇವಿನ ಮರಕ್ಕೆ ಬಿಗಿಯಬೇಕು ಎಂದರು. ಹಗ್ಗ ಬಂತು. ಹಗ್ಗ ಹಿಡಿದವರು ಹಿತ್ತಾಳೆ ಬಾಗಿಲ ತನಕ ಬಂದು ನಿಂತರು. ಆ ಬಾಗಿಲನ್ನು ಅದುವರೆಗೆ ಯಾರೂ ದೂಡಿರಲಿಲ್ಲ. ಅಗುಳಿ ಹಾಕಿದೆಯೋ ಇಲ್ಲವೋ ಎಂಬುದೂ ಊರಿಗೆ ಗೊತ್ತಿರಲಿಲ್ಲ. ಎಲ್ಲರೂ ಚಂದ್ರಮೌಳಯ್ಯನ ಮುಖ ನೋಡಿದರು.

“ಒಂದು ಮಾತು ಕೇಳೂಣು” ಎಂದ ಅವನು. ಹೊಸ್ತಿಲಲ್ಲಿ ಕೈಮುಗಿದು, ಹುಡುಗಿ ಸಿಕ್ಕಿಬಿದ್ದಿದ್ದಾಳೆ, ಅಂಗಳಕ್ಕೆ ಬರಲು ಅಪ್ಪಣೆಯಾಗಲಿ ಎಂದು ಕೇಳಿದ. ಉತ್ತರ ಕೇಳಲೆಂದು ಇಡೀ ಓಣಿ ಸುಮ್ಮನಾಯಿತು. ಆ ಮೌನದಲ್ಲಿ ಕೇಳಿದ್ದು ಒಂದೇ, ಸುವರ್ಣಾಳ ದನಿ. ಅಷ್ಟರಲ್ಲಿ ಅವಳು ಗೋಡೆಯವನನ್ನೇ ಕರೆಯಲು ಶುರುಮಾಡಿದ್ದಳು. ಒಳಗಿನವರೇ, ನೀವು ಇಲ್ಲೇ ಇದ್ದೀರಿ, ನಿಮಗ ಕೇಳ್ತೈತಿ ಎನ್ನುತ್ತಿದ್ದಳು. ಮೇಲಿನ ಕಿಟಕಿ ತೆರೆದಿತ್ತು. ಪರದೆಯ ಹಿಂದೆ ಯಾರೋ ಬಂದು ನಿಂತದ್ದನ್ನು ನಾವೆಲ್ಲ ನೋಡಿದೆವು. ನಾನು ನೋಡಿದೆ. ಪರದೆ ಒಮ್ಮೆ ಅಲುಗಿತು. ಆಮೇಲೆ ಕಿಟಕಿ ಮುಚ್ಚಿತು. ಚಿಲಕ ಹಾಕಿದ ಸದ್ದು ಓಣಿಗೆಲ್ಲ ಕೇಳಿತು.

ಚಂದ್ರಮೌಳಯ್ಯ ಬಿಳಿಚಿಕೊಂಡು, “ಬ್ಯಾಡ ಅಂತಾರ” ಎಂದ. ಹೂವವ್ವ ಬಾಗಿಲಿಗೆ ಬಿದ್ದಳು. ಎರಡೂ ಮುಷ್ಟಿಯಿಂದ ಹಿತ್ತಾಳೆಗೆ ಗುದ್ದಿದಳು, ತಲೆಯಿಂದ ಗುದ್ದಿದಳು. ಹೆಂಗಸರು ಅವಳನ್ನು ಹಿಡಿದು ಎಳೆದರು. ಪಾಪ ಬಂದೀತು, ಮಗಳಿಗೇ ಕೇಡಾದೀತು ಎಂದು ಎಳೆದರು. ಹಗ್ಗ ಹಿಡಿದವರು ಹಗ್ಗ ಹಿಡಿದೇ ಇದ್ದರು. ಎಷ್ಟು ಹೊತ್ತು ಹಾಗೆ ಹೋಯಿತೋ ಹೇಳಲಾರೆ. ಗೌಂಡಿಗಳ ಪೈಕಿ ಒಬ್ಬ ಏನೋ ಬೈದುಕೊಂಡು, ಸಾಯೋದಾದ್ರ ಸಾಯೂಣು ಎಂದು ಹೊರಗಿನಿಂದಲೇ ಕಲ್ಲು ಕೀಳತೊಡಗಿದ. ಉಳಿದವರು ನಾಚಿ ಕೈ ಹಚ್ಚಿದರು. ಆಶ್ಚರ್ಯವೆಂದರೆ ನಿಂತ ಪದರ ಬೀಳಲಿಲ್ಲ. ಆದರೆ ಅಷ್ಟರಲ್ಲಿ ರಾಶಿಯ ಅಡಿಯ ದನಿ ನಿಂತಿತ್ತು. ಹೊರಗೆ ತೆಗೆದಾಗ ಅವಳ ಮೈ ಇನ್ನೂ ಬೆಚ್ಚಗಿತ್ತು.

ಮಣ್ಣು ಮಾಡಿ ಬಂದ ಸಂಜೆಗೇ ಅರ್ಥಗಳು ಹುಟ್ಟಿದವು. ನೋಡಲಾರದೆ ಕಿಟಕಿ ಮುಚ್ಚಿಕೊಂಡರು, ಅವರ ಹೃದಯ ಹೆಣ್ಣಿನ ಹೃದಯ ಎಂದರು ಕೆಲವರು. ಅವರ ಗೋಡೆಯಿಂದಲೇ ಹೋದಳು, ಎಂಥ ಪುಣ್ಯವಂತೆ ಎಂದರು ಇನ್ನು ಕೆಲವರು. ಹೂವವ್ವನ ಭಕ್ತಿ ಕಡಿಮೆಯಿತ್ತು ಎಂದು ಒಬ್ಬಳು ಬಾವಿಯ ಕಟ್ಟೆಯಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವಳ ಬಿಂದಿಗೆಯನ್ನು ಕಸಿದು ಬಾವಿಗೆ ಎಸೆದು ಬಂದೆ. ಚಂದ್ರಮೌಳಯ್ಯ ದಿನವೂ ಹೂವವ್ವನ ಮನೆಗೆ ಬಂದು ಕೂತು ನಿಜವಾಗಿ ಅಳುತ್ತಿದ್ದ. ನನಗೂ ತಿಳಿವಲ್ದವ್ವ, ದಿನಾ ಕೇಳ್ತೀನಿ, ಹೇಳವಲ್ರು ಎನ್ನುತ್ತಿದ್ದ. ಹೂವವ್ವ ಅವನಿಗೆ ನೀರು ಕೊಡುತ್ತಿದ್ದಳು. ಅವನ ಅಳು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅಳುವವನು ನೀನು, ಚಿಲಕ ಹಾಕಿದವನು ಅವನು, ಅವನ ಪಾಲಿನದನ್ನೂ ನೀನೇ ಅತ್ತು ಮುಗಿಸಿದರೆ ಅವನಿಗೇನು ಉಳಿಯಿತು ಎಂದು ಕೇಳಬೇಕೆನಿಸುತ್ತಿತ್ತು.

ಅಮಾವಾಸ್ಯೆ ಹತ್ತಿರ ಬಂತು. ಅಂಥ ಬೈಗುಳ ನನ್ನ ಮನೆತನದಲ್ಲಿ ಯಾರೂ ಬೈದಿರಬಾರದು ಎಂದು ನಾನು ಮಾತು ಮಸೆಯುತ್ತ ಕೂತಿದ್ದೆ. ಹೂವವ್ವ ಬಂದಳು. ಮಗಳು ಸತ್ತ ಮೇಲೆ ಅವಳು ಭಟ್ಟಿ ಹಚ್ಚಿರಲಿಲ್ಲ. ಕೈಯೆಲ್ಲ ತಣ್ಣಗಿತ್ತು.

“ಪಾರಕ್ಕ, ಈ ಸಲ ಅಂವನ್ನ ನಗಸಬ್ಯಾಡ” ಎಂದಳು.

ನಗಿಸುವುದಿಲ್ಲ, ಹರಿದು ಹಾಕುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. “ನೀ ಹರದಷ್ಟೂ ನಗ್ತಾನ. ನಿಮ್ಮಪ್ಪ ಹರದಾಗೂ ನಕ್ಕ. ನಿಮ್ಮ ಬೈಗುಳ ಅಂದ್ರ ಅಂವಗ ಊಟದ ಕೂಡ ಉಪ್ಪಿನಕಾಯಿ ಇದ್ದಂಗ. ಬರೇ ಹೇಳು. ಆಕಿ ಯಾರು, ಏನಾತು, ಅಷ್ಟ ಹೇಳು.”

ಆ ಮಾತು ನನಗೆ ಬಡಿಯಿತು. ನಾವು ಮೂರು ತಲೆಮಾರು ಬೆಂಕಿ ಉಗುಳಿದೆವು ಎಂದುಕೊಂಡಿದ್ದೆವು. ಅವನು ಅದರಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದನೇ?

ಅಮಾವಾಸ್ಯೆಯ ಬೆಳಿಗ್ಗೆ ಬೀದಿ ತುಂಬಿತ್ತು. ಕಟ್ಟೆ ಹತ್ತುವಾಗ ಚಂದ್ರಮೌಳಯ್ಯ ಪಕ್ಕಕ್ಕೆ ಕರೆದು, ಗೋಡೆಯ ವಿಷಯ ಎತ್ತಿದರೂ ಹಗುರ ಮಾಡಿ ಎತ್ತು, ಊರು ಹೆದರಿಕೊಂಡಿದೆ, ಅವರು ಒಂದು ಸಲ ನಕ್ಕರೆ ಎಲ್ಲರಿಗೂ ಜೀವ ಬರುತ್ತದೆ ಎಂದು ಬೇಡಿಕೊಂಡ. ಬೆಲ್ಲದ ತಟ್ಟೆ ಆಗಲೇ ಸಿದ್ಧವಿತ್ತು. ನಾನು ಕಟ್ಟೆ ಹತ್ತಿದೆ.

ಬರೇ ಹೇಳಿದೆ. ಸುವರ್ಣಾ ಎಂಬ ಹುಡುಗಿ ನಿನ್ನ ಗೋಡೆಯ ನೆರಳಲ್ಲಿ ಹೊಲಿಗೆ ಮಾಡುತ್ತಿದ್ದಳು ಎಂದೆ. ಬಾಗಿದ ಬೆನ್ನಿಗೆ ಬಾಗಿದ ಕುಪ್ಪಸ ಹೊಲಿಯುತ್ತಿದ್ದಳು, ನೀನು ಮಾಡಿದ ವಕ್ರವನ್ನು ಬೈಯದೆ ಅಳತೆ ತೆಗೆದುಕೊಳ್ಳುತ್ತಿದ್ದಳು ಎಂದೆ. ಗೋಡೆ ಬಿತ್ತು, ಅವಳು ನಿನ್ನನ್ನು ಕರೆದಳು, ನೀನು ಕಿಟಕಿಗೆ ಬಂದೆ ಎಂದೆ. ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೊಂಕು ಎಲ್ಲಿ ಬರುತ್ತದೆ ಎಂದು ಕೆಲವರು ತುಟಿ ಸಿದ್ಧ ಮಾಡಿಕೊಂಡಿದ್ದರು. ಅದು ಬರಲಿಲ್ಲ. ಯಾರೂ ನಗಲಿಲ್ಲ. ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. “ಕಿಟಕಿಗೆ ಬಂದಿ. ಚಿಲಕ ಹಾಕಿದಿ” ಎಂದು ಹೇಳಿ ನಾನು ಉಸಿರು ತೆಗೆದುಕೊಳ್ಳಲು ನಿಂತೆ.

ಆ ಜಾಗದಲ್ಲಿ ಒಳಗಿನವನು ನಕ್ಕ.

ಅದೇ ನಗು. ಹೊಟ್ಟೆಯಿಂದ ಎದ್ದು ದಮ್ಮಾಗಿ ಒಡೆಯುವ ನಗು. ಸಿಟ್ಟಿನದಲ್ಲ, ಕುಹಕದ್ದಲ್ಲ, ಊಟವಾದ ಮೇಲೆ ಮನುಷ್ಯ ನಗುವಂಥ ಸುಖದ ನಗು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಜ್ಜನೂ ಅಪ್ಪನೂ ಮಾತಿನ ತುದಿಗೆ ಹೀಗೇ ಉಸಿರು ಹಿಡಿದು ನಿಲ್ಲುತ್ತಿದ್ದರು. ಜನ ನಗುವ ಜಾಗ ಅದು. ಅವನಿಗೆ ಬೇಕಾದದ್ದು ಆ ಜಾಗ. ಮಾತು ಅವನು ಕೇಳಿಯೇ ಇರಲಿಲ್ಲ. ಅಂದು ಮಾತ್ರವಲ್ಲ, ಯಾವತ್ತೂ ಕೇಳಿರಲಿಲ್ಲ. ಬರಗಾಲದ ಬೈಗುಳ, ಸಿಡುಬಿನ ಬೈಗುಳ, ಹಡೆಯುವಾಗ ಸತ್ತ ಹೆಂಗಸರ ಬೈಗುಳ, ಅಪ್ಪ ರಕ್ತ ಸುಟ್ಟುಕೊಂಡು ಕಟ್ಟಿದ ಒಂದೊಂದು ಮಾತೂ ಆ ಬಾಗಿಲಿನ ಆಚೆ ಬರೀ ಏರಿಳಿತವಾಗಿತ್ತು, ಮಗುವಿಗೆ ತೊಟ್ಟಿಲ ಸದ್ದಿನ ಹಾಗೆ. ಗೋಡೆಯ ಸಂಗತಿ ತಿಳಿದೂ ಸುಮ್ಮನಿದ್ದಾನೆ ಎಂದು ನಾನು ಉರಿದಿದ್ದೆ. ತಿಳಿದುಕೊಳ್ಳುವ ಗೋಜಿಗೇ ಅವನು ಹೋಗಿರಲಿಲ್ಲ ಎಂದು ಅಂದು ಅನಿಸಿತು. ಎರಡರಲ್ಲಿ ಯಾವುದು ದೊಡ್ಡ ಪಾಪ ಎಂದು ಈಗಲೂ ನಿರ್ಧರಿಸಲಾರೆ. ಎರಡಕ್ಕೂ ನನ್ನಲ್ಲಿ ಕ್ಷಮೆ ಇಲ್ಲ.

ಬೀದಿಯಲ್ಲಿ ಯಾರೋ ರೂಢಿಗೆ ಬಿದ್ದು, ನಕ್ಕರು, ನಕ್ಕರು ಎಂದರು. ಚಂದ್ರಮೌಳಯ್ಯನ ಕೈ ತಾನಾಗಿಯೇ ಬೆಲ್ಲದ ತಟ್ಟೆ ಎತ್ತಿಕೊಂಡಿತು. ಎತ್ತಿಕೊಂಡವನು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತ. ಎದುರಿಗೆ ಹೂವವ್ವ ಇದ್ದಳು. ತಟ್ಟೆ ವಾಲಿ ಬೆಲ್ಲ ಮಣ್ಣಿಗೆ ಬಿತ್ತು. ಅವಳು ಅದನ್ನು ನೋಡಲೂ ಇಲ್ಲ. ಗೌಂಡಿಗಳ ಕಡೆ ತಿರುಗಿ, ಭಟ್ಟಿಗೆ ಕಟ್ಟಿಗೆ ತರಲು ಹೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು.

“ಉಳದ ಗ್ವಾಡಿ ಇಳಸ್ರಿ. ಇನ್ನೊಬ್ಬರ ಮಕ್ಕಳು ಅಡ್ಡಾಡು ಓಣಿ ಇದು.”

ಅಪ್ಪಣೆ ಎಂದು ಯಾರೂ ಅನ್ನಲಿಲ್ಲ. ಚಂದ್ರಮೌಳಯ್ಯ ಗೋಡೆಯ ಮುಂದೆ ಹೋಗಿ ಕೈ ಚಾಚಿ ನಿಂತ. ಗೌಂಡಿಗಳು ಹಾರೆ ಹಿಡಿದು ಅವನೆದುರು ಕಾದರು, ಬೈಯಲಿಲ್ಲ, ದೂಡಲಿಲ್ಲ. ಅವನು ಒಮ್ಮೆ ಮುಚ್ಚಿದ ಕಿಟಕಿಯನ್ನು ನೋಡಿದ. ಬಹಳ ಹೊತ್ತು ನೋಡಿದ. ಅಲ್ಲಿಂದ ಏನಾದರೂ ಬರಲಿ, ಒಂದು ಕೆಮ್ಮಾದರೂ ಬರಲಿ ಎಂದು ಅವನ ಮುಖ ಬೇಡುತ್ತಿತ್ತು. ಬರಲಿಲ್ಲ. ಮೊಣಕಾಲು ಹಿಡಿದುಕೊಂಡು ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಕೂತ. ಈ ಸಲದ ಮೌನಕ್ಕೆ ಅವನು ಅರ್ಥ ಹೇಳಲಿಲ್ಲ.

ಸೂರ್ಯ ನೆತ್ತಿಗೆ ಬರುವ ಮುಂಚೆ ಗೋಡೆ ಇಳಿಯಿತು. ನಮ್ಮ ಹಿರಿಯರು ಸಾಯುವ ತನಕ ಹತ್ತಿರದಿಂದ ಕಾಣದಿದ್ದ ಅಂಗಳ ಓಣಿಗೆ ತೆರೆದುಕೊಂಡಿತು. ಒಂದು ಬೇವಿನ ಮರ, ನುಲಿಯ ಮಂಚ, ನೀರಿನ ಹಂಡೆ, ತಂತಿಯ ಮೇಲೆ ಧೋತರ. ಮಂಚದ ಮೇಲೆ ದಿಂಬಿನಲ್ಲಿ ಈಗಷ್ಟೇ ಎದ್ದು ಹೋದವನ ತಲೆಯ ಗುಳಿ ಇತ್ತು. ಒಳಮನೆಯ ಕದ ಮುಚ್ಚಿತ್ತು, ಹತ್ತು ಹೆಜ್ಜೆ ಇಟ್ಟಿದ್ದರೆ ದೂಡಬಹುದಿತ್ತು. ಅವನ ಮುಖ ಒಮ್ಮೆ ಕಾಣಲಿ ಎಂದು ಬಿಸಿಲಲ್ಲಿ ಕಾದು ಸತ್ತವರ ಮೊಮ್ಮಕ್ಕಳೇ ಅಲ್ಲಿ ನಿಂತವರು. ಒಬ್ಬರೂ ಆ ಕಡೆ ಕಾಲಿಡಲಿಲ್ಲ. ಹೆದರಿಕೆಯಿಂದಲ್ಲ. ಮುಖ ನೋಡುವ ಮನಸ್ಸು ಯಾರಿಗೂ ಉಳಿದಿರಲಿಲ್ಲ. ಗೌಂಡಿಗಳು ಕಲ್ಲನ್ನು ಓಣಿಯ ಅಂಚಿಗೆ ಜೋಡಿಸಿ, ಅವನ ಹಂಡೆಯ ನೀರಲ್ಲೇ ಕೈ ತೊಳೆದುಕೊಂಡು ಊಟಕ್ಕೆ ಹೋದರು.

ಮುಂದಿನ ಅಮಾವಾಸ್ಯೆಗೆ ನಾನು ಕಟ್ಟೆ ಹತ್ತಲಿಲ್ಲ. ಜನರೂ ಬರಲಿಲ್ಲ. ಬಳೆಗಾರರು ಆ ಮನೆಯ ಮುಂದೆಯೂ ಕೂಗತೊಡಗಿದರು. ಊಟದ ತಾಟನ್ನು ಮಾತ್ರ ಚಂದ್ರಮೌಳಯ್ಯ ತನ್ನ ಮನೆಯಿಂದ ತಂದಿಡುತ್ತಿದ್ದ. ಹಸಿದವನಿಗೆ ಅನ್ನ ಇಡೂದು ಬ್ಯಾರೆ ಮಾತು ಎನ್ನುತ್ತಿದ್ದ. ನಾನು ಅದಕ್ಕೆ ಎದುರಾಡಲಿಲ್ಲ. ಹೂವವ್ವ ಮತ್ತೆ ಭಟ್ಟಿ ಹಚ್ಚಿದಳು. ಸಂತೆಯ ದಿನ ಅವಳ ಚುರುಮುರಿ ಚೀಲಕ್ಕೆ ನಾನೂ ಒಂದು ಕೈ ಹಚ್ಚುತ್ತಿದ್ದೆ. ಬೈಯುವ ಕೆಲಸ ಬಿಟ್ಟವಳಿಗೆ ಬೇರೆ ಏನು ಕೆಲಸ?

ಸುಗ್ಗಿ ಮುಗಿದ ಮೇಲೆ ಒಂದು ಸಂತೆಯ ದಿನ, ಬೆಳಗಿನ ಬಿಸಿಲಲ್ಲಿ, ನಾವಿಬ್ಬರೂ ಚೀಲದ ಎರಡು ಕಿವಿ ಹಿಡಿದು ಆ ಓಣಿಯಲ್ಲಿ ಹೊರಟಿದ್ದೆವು. ಬಯಲಾದ ಅಂಗಳದ ಆಚೆ, ಒಳಮನೆಯ ಕದದ ಹಿಂದಿನಿಂದ ಯಾರೋ ಗಂಟಲು ಸರಿಪಡಿಸಿಕೊಂಡ ಸದ್ದಾಯಿತು. ಆಮೇಲೆ ಮಾತು ಬಂತು. “ಹೊರಗ ಯಾರರ ಇದ್ದೀರೇನು?”

ನಾನು ಅಲ್ಲೇ ನಿಂತೆ. ಗುಡುಗಿನಂಥ ದನಿ ಎಂದು ಏನೇನೋ ಕಥೆ ಕಟ್ಟಿದ್ದೆವು. ಹಾಗೇನೂ ಇರಲಿಲ್ಲ. ನೆಗಡಿಯಾದ ನೆರೆಮನೆಯ ಮುದುಕನ ದನಿ, ಬಹಳ ದಿನ ಮಾತಾಡದೆ ಒಣಗಿದ್ದು. ಆ ಒಂದು ಮಾತಿಗಾಗಿ ನನ್ನ ಅಜ್ಜ, ಅಪ್ಪ ಬಾಯಿ ಹರಿದುಕೊಂಡಿದ್ದರು. ನನ್ನ ಕಣ್ಣಲ್ಲಿ ನೀರು ಬಂತೆಂದು ಹೇಳಲು ನಾಚಿಕೆಯಿಲ್ಲ.

“ಹೂವವ್ವಾ” ಎಂದಿತು ದನಿ. ಹೆಸರು ಹಿಡಿದು ಕರೆಯಿತು.

ಹೂವವ್ವ ಚೀಲ ಕೆಳಗಿಟ್ಟಳು. ಅವನಿಗೆ ಹೆಸರು ಗೊತ್ತಿತ್ತು. ಹಾಗಾದರೆ ಎಲ್ಲವೂ ಗೊತ್ತಿತ್ತು, ಅವಳು ಬಾಗಿಲಿಗೆ ಗುದ್ದಿದ ದಿನವೂ ಗೊತ್ತಿತ್ತು. ಅವಳು ಅಂಗಳದ ಅಂಚಿನ ತನಕ ಹೋಗಿ, ಪರವೂರಿನ ದೊಡ್ಡ ಮನುಷ್ಯರಿಗೆ ಹೇಳುವ ಹಾಗೆ ಮರ್ಯಾದೆಯಿಂದ ಹೇಳಿದಳು.

“ಯಾರೂ ಇಲ್ರಿ.”

ವಾಪಸು ಬಂದು ಚೀಲದ ಕಿವಿ ಹಿಡಿದಳು. ಇನ್ನೊಂದನ್ನು ನಾನು ಹಿಡಿದೆ. ಓಣಿಯ ತಿರುವು ಮುಟ್ಟುವಾಗ ದನಿ ಮತ್ತೊಮ್ಮೆ ಬಂತು, ಈಗ ನನ್ನ ಹೆಸರು ಹಿಡಿದು, ಪಾರೀ ಎಂದು, ನಮ್ಮಪ್ಪ ಕರೆಯುತ್ತಿದ್ದ ಹಾಗೆ. ಬೀದಿಯಲ್ಲಿ ಸಂತೆಗೆ ಹೋಗುವ ಗಾಡಿಗಳು ದಾಟುತ್ತಿದ್ದವು. ಹೂವವ್ವ ನನ್ನ ಮುಖ ನೋಡಲಿಲ್ಲ, ನಿನ್ನಿಷ್ಟ ಎನ್ನುವ ಹಾಗೆ ನಡಿಗೆ ಮಾತ್ರ ನಿಧಾನ ಮಾಡಿದಳು. ನನ್ನ ಬಾಯಿ ತುಂಬ ಮಾತಿತ್ತು. ಒಂದನ್ನೂ ಅವನಿಗೆ ಕೊಡಲಿಲ್ಲ.